ನೆಲ ಒಬ್ಬರದು, ನೆಲದಡಿ ಇನ್ನೊಬ್ಬರದು

ಬೀದರ ನಗರದಿಂದ ಮೂಡಲಿಗೆ ಸ್ವಲ್ಪ ದೂರ ಹೋದರೆ ಅಷ್ಟೂರ ಸಿಗುತ್ತದೆ. ಬಹಮನಿ ಸುಲ್ತಾನರ ಗೋರಿಗಳು ಅಲ್ಲಿ ಹೊಲಗಳ ನಡುವೆ ಸಾಲುಗಟ್ಟಿ ನಿಂತಿವೆ. ಇವು ಸಂರಕ್ಷಿತ ಸ್ಮಾರಕಗಳು. ಆದ್ದರಿಂದ 2010ರ ತಿದ್ದುಪಡಿ ಶಾಸನದ ಪ್ರಕಾರ ಅವುಗಳ ಎಲ್ಲೆಯಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅಪ್ಪಣೆಯಿಲ್ಲದೆ ಕಟ್ಟುವಂತಿಲ್ಲ. ತರಗತಿಯಲ್ಲಿ ದ್ರವ, ಅನಿಲಗಳ ಒತ್ತಡವನ್ನು ಕುರಿತು ಪಾಠ ಹೇಳುತ್ತಿದ್ದಾಗ ಆ ಕಡೆಯ ವಿದ್ಯಾರ್ಥಿಯೊಬ್ಬ ಎದ್ದು ನಿಂತು, "ಸರ್, ಹೊಲ ನಮ್ದೇ ಅದ, ಖರೆ ಮನಿ ಕಟ್ಟಲಿಕ್ಕೆ ಬರಂಗಿಲ್ಲ. ಹಂಗಂದ್ರ ನಮ್ದು ಅಂದ್ರ ಏನ್ರಿ?" ಎಂದು ಕೇಳಿದ. ಭೌತಶಾಸ್ತ್ರದ ಪಠ್ಯದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಆದರೆ ಖನಿಜತೈಲ ಮತ್ತು ಅನಿಲಗಳ ಕಾಯಿದೆಗಳನ್ನು ಓದತೊಡಗಿದ ಮೇಲೆ, ಅದೇ ಪ್ರಶ್ನೆ ಇನ್ನೂ ತೀಕ್ಷ್ಣವಾಗಿ ನನ್ನೆದುರು ನಿಂತಿತು.

ಭೂಮಿಯ ಒಡೆಯನು ಅದರಡಿಯ ತೈಲಕ್ಕೂ ಒಡೆಯನೆ? ಅಮೆರಿಕದಲ್ಲಿ ಬಹುಮಟ್ಟಿಗೆ ಹೌದು. ತೈಲ ತೆಗೆಯುವವರು ಭೂಮಾಲೀಕನಿಗೆ ಉತ್ಪನ್ನದ ಎಂಟನೆಯ ಒಂದು ಪಾಲನ್ನು ಕೊಡುವುದು ಅಲ್ಲಿಯ ಹಳೆಯ ವಾಡಿಕೆ. ಇದರಿಂದ ಅನರ್ಥವೂ ಆಯಿತು. ತೈಲವು ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಒತ್ತಡಕ್ಕೊಳಗಾಗಿ ಕುಳಿತಿರುತ್ತದೆ. ಬಾವಿ ತೋಡಿದೆಡೆ ಒತ್ತಡ ಇಳಿದು, ಸುತ್ತಲಿನ ತೈಲ ಅತ್ತ ಹರಿಯುತ್ತದೆ. ಸರ್ವೆ ನಂಬರಿನ ಗಡಿಗಲ್ಲು ಅದಕ್ಕೆ ಕಾಣದು. 1901ರಲ್ಲಿ ಟೆಕ್ಸಸ್‌ನ ಸ್ಪಿಂಡಲ್‌ಟಾಪಿನಲ್ಲಿ ತೈಲ ಚಿಮ್ಮಿದೊಡನೆ ಪ್ರತಿಯೊಬ್ಬನೂ ನೆರೆಯವನಿಗಿಂತ ಮೊದಲು ತೋಡಹೊರಟ. ಬಾವಿಗಳು ಒತ್ತೊತ್ತಾಗಿ ಎದ್ದವು, ಒತ್ತಡ ಕುಸಿಯಿತು. ನಮ್ಮ ಕೊಳವೆಬಾವಿಗಳ ಪೈಪೋಟಿಯನ್ನು ಕಂಡವರಿಗೆ ಈ ಕಥೆ ಹೊಸದಲ್ಲ.

ಆದಕಾರಣ ತೈಲದ ಹತೋಟಿ ಸರಕಾರದ ಕೈಯಲ್ಲಿರುವುದು ಭೌತಶಾಸ್ತ್ರದ ದೃಷ್ಟಿಯಿಂದ ಯುಕ್ತವೇ. 1948ರ ತೈಲಕ್ಷೇತ್ರ ಕಾಯಿದೆ ನಡೆದಿರುವುದು ಆ ದಾರಿಯಲ್ಲಿಯೇ. ಕರ್ನಾಟಕ ಭೂಕಂದಾಯ ಕಾಯಿದೆ, 1964ರ 70ನೆಯ ಕಲಮು ಗಣಿ ಮತ್ತು ಖನಿಜಗಳ ಹಕ್ಕನ್ನು ರಾಜ್ಯ ಸರಕಾರದಲ್ಲಿ ನೆಲೆಗೊಳಿಸುತ್ತದೆ. ಮಲಬಾರಿನ ಜಮೀನುಗಳ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ, ಕಾಯಿದೆಯಿಂದ ಕಿತ್ತುಕೊಂಡಿಲ್ಲದ ಪಕ್ಷದಲ್ಲಿ ನೆಲದಡಿಯ ಸಂಪತ್ತು ನೆಲದ ಒಡೆಯನದೇ ಎಂದು ಹೇಳಿತು. ಆದರೆ ನಮ್ಮ ರೈತನಿಗೆ ಆ 70ನೆಯ ಕಲಮು ಅಡ್ಡ ನಿಂತಿದೆ.

ಅಷ್ಟೂರಿನ ಕೆಂಪು ಜಂಬಿಟ್ಟಿಗೆಯ ಕೆಳಗಿರುವುದು ಲಾವಾದ ಕರಿಗಲ್ಲು. ಅಲ್ಲಿ ತೈಲದ ಮಾತೇ ಇಲ್ಲ. ಆದರೆ ಅನಿಲವು ಹುಟ್ಟಿದ ಕಡೆ ಮಾತ್ರ ನೆಲವನ್ನು ಬೇಡುವುದಿಲ್ಲ. ಹಾದುಹೋಗುವ ದಾರಿಯುದ್ದಕ್ಕೂ ಬೇಡುತ್ತದೆ. ಕಾಕಿನಾಡದಿಂದ ಗುಜರಾತಿನ ಭರೂಚಿಗೆ 2009ರಲ್ಲಿ ಹರಿಯತೊಡಗಿದ ಕೊಳವೆಮಾರ್ಗ ನಮ್ಮ ರಾಜ್ಯದ ಉತ್ತರ ಭಾಗವನ್ನು ಹಾದಿದೆ. 2013ರ ದಾಭೋಳ–ಬೆಂಗಳೂರು ಮಾರ್ಗ ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಹೊಲಗಳ ಅಡಿಯಲ್ಲಿದೆ. 2021ರಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಮಾರ್ಗ ಕಾಸರಗೋಡಿನ ಮೂಲಕ ಬಂದಿದೆ.

ಈ ಕೊಳವೆಗಳಿಗಾಗಿ 1962ರ ಕಾಯಿದೆಯೊಂದಿದೆ. ಅದು ಜಮೀನನ್ನು ಕೊಳ್ಳುವುದಿಲ್ಲ. 'ಬಳಕೆಯ ಹಕ್ಕ'ನ್ನು ಮಾತ್ರ ಪಡೆಯುತ್ತದೆ. ಪಹಣಿಯಲ್ಲಿ ರೈತನ ಹೆಸರೇ ಉಳಿಯುತ್ತದೆ, ತೊಗರಿ ಉದ್ದು ಬಿತ್ತಬಹುದು. ಆದರೆ ಆ ಪಟ್ಟಿಯ ಮೇಲೆ ಮನೆ ಕಟ್ಟಕೂಡದು, ಬಾವಿ ತೋಡಕೂಡದು, ಮರ ನೆಡಕೂಡದು.

ನಿಷೇಧ ಅವಿವೇಕದ್ದಲ್ಲ. ಕೊಳವೆಯೊಳಗಿನ ಒತ್ತಡ ವಾಯುಮಂಡಲದ ಒತ್ತಡದ ಹಲವು ಹತ್ತು ಪಟ್ಟು. ಮರದ ಬೇರು ಕೊಳವೆಯ ಹೊರಲೇಪವನ್ನು ಬಿಡಿಸಿದರೆ ಉಕ್ಕು ಮತ್ತು ತೇವದ ಮಣ್ಣು ಸೇರಿ ವಿದ್ಯುತ್‌ಕೋಶದಂತೆ ವರ್ತಿಸಿ ಲೋಹ ಸವೆಯುತ್ತದೆ. 2014ರ ಜೂನ್ 27ರಂದು ಪೂರ್ವ ಗೋದಾವರಿಯ ನಗರಂ ಗ್ರಾಮದಲ್ಲಿ ಅನಿಲದ ಕೊಳವೆ ಸಿಡಿದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಇಂಥ ಕೊಳವೆಯ ಮೇಲೆ ಮನೆ ಕಟ್ಟಬೇಡಿ ಎನ್ನುವ ಕಾಯಿದೆಯನ್ನು ನಾನು ಹಳಿಯಲಾರೆ.

ನನ್ನ ತಕರಾರು ಲೆಕ್ಕದ್ದು. ಬೆಳೆ, ಮರಗಳ ಹಾನಿಗೆ ಬೇರೆ ಪರಿಹಾರವುಂಟು. ಬಳಕೆಯ ಹಕ್ಕಿಗೆ ಮಾತ್ರ ಕಾಯಿದೆ ಗೊತ್ತುಮಾಡಿರುವುದು ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆಯ ಶೇಕಡಾ 10. ಉದಾಹರಣೆಗೆ, 20 ಮೀಟರ್ ಅಗಲದ ಪಟ್ಟಿ ಹೊಲವೊಂದನ್ನು 100 ಮೀಟರ್ ಹಾಯ್ದರೆ ಹತ್ತಿರ ಹತ್ತಿರ 20 ಗುಂಟೆಯಾಯಿತು. ಎಕರೆಗೆ ಹತ್ತು ಲಕ್ಷವೆಂದು ಹಿಡಿಯಿರಿ: ಪಟ್ಟಿಯ ಬೆಲೆ ಐದು ಲಕ್ಷ, ರೈತನ ಕೈಗೆ ಐವತ್ತು ಸಾವಿರ, ಅದೂ ಒಂದೇ ಸಲ. ಬೆಳೆ ನಿಲ್ಲುವುದಿಲ್ಲವಲ್ಲ ಎಂದು ಇಂಜಿನಿಯರರು ಹೇಳಬಹುದು. ನಿಜ. ಆದರೆ ಹೊಲವನ್ನು ಕೊಳ್ಳಬಂದವನು ಆ ಪಟ್ಟಿಯನ್ನು ಕಂಡು ಉಳಿದ ನೆಲಕ್ಕೂ ಬೆಲೆ ಇಳಿಸುತ್ತಾನೆ. ಊರು ಬೆಳೆದು ಹೊಲದ ಬದುವಿಗೆ ಬಂದಾಗ ಆ ಇಪ್ಪತ್ತು ಗುಂಟೆ ನಿವೇಶನವಾಗಲಾರದು.

ಇನ್ನೊಂದು ಕಡೆ ನೋಡಿ. ಕೊಳವೆಯಲ್ಲಿ ಸಾಗುವ ಅನಿಲದ ಪ್ರತಿ ಘಟಕಕ್ಕೂ ಸಾಗಣೆಯ ದರ ಸಲ್ಲುತ್ತದೆ. 2006ರ ಕಾಯಿದೆಯಿಂದ ಹುಟ್ಟಿದ ನಿಯಂತ್ರಣ ಮಂಡಳಿಯೇ ಆ ದರವನ್ನು ಗೊತ್ತುಪಡಿಸುತ್ತದೆ. ಅನಿಲ ಕೊಳವೆಗೆ ದಿನದಿನವೂ ಬಾಡಿಗೆ ಕೊಡುತ್ತದೆ. ಕೊಳವೆ ಹೊಲಕ್ಕೆ ಕೊಡುವುದಿಲ್ಲ. ಆ ದರದ ಒಂದು ಸಣ್ಣ ಅಂಶವನ್ನು ಪಟ್ಟಿಯ ಉದ್ದಕ್ಕೆ ಹಂಚಿ ವರ್ಷವರ್ಷವೂ ರೈತನ ಖಾತೆಗೆ ಸೇರಿಸುವುದು ಅಸಾಧ್ಯವೇನಲ್ಲ. ಮೀಟರುಗಳ ಎಣಿಕೆ ದಾಖಲೆಯಲ್ಲಿಯೇ ಇದೆ. ತಮಿಳುನಾಡಿನ ರೈತರು ಕೊಳವೆಯನ್ನು ಹೆದ್ದಾರಿಯ ಬದಿಗೆ ಒಯ್ಯಿರೆಂದು ಕೇಳಿದರು. ಆ ರಾಜ್ಯ ಸರಕಾರದ ಮನವಿಯನ್ನು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ತಳ್ಳಿಹಾಕಿತು. ದಾರಿ ಬದಲಿಸುವ ವಾದ ಸೋತಿತೆಂದು ಬಾಡಿಗೆಯ ವಾದವೂ ಸೋಲಬೇಕೆ?

ಅಧಿಸೂಚನೆಯ ಪ್ರತಿಗಳು ಸಾರ್ವಜನಿಕರಿಗೆ ದೊರೆತ ದಿನದಿಂದ ಆಕ್ಷೇಪಣೆಗೆ ಇರುವ ಅವಧಿ 21 ದಿನ. ಆ ಪ್ರತಿಯಲ್ಲಿರುವುದು ಸರ್ವೆ ನಂಬರು, ವಿಸ್ತೀರ್ಣಗಳ ಪಟ್ಟಿ. ಕೊಳವೆ ಬಾವಿಯ ಯಾವ ಮಗ್ಗುಲಿಗೆ ಬರುವುದು, ಎಷ್ಟು ಆಳದಲ್ಲಿ ಬರುವುದು ಎಂಬ ನಕ್ಷೆಯನ್ನು ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ದಿನಗಳ ಎಣಿಕೆ ಆ ಮೇಲೆ ಮೊದಲಾಗಲಿ.