ಮಾಯಾ ಜನ ಮಾಯವಾದರೇ?

ನಮ್ಮ ಬಿಲ್ಡಿಂಗಿನ ಎರಡನೇ ಮಾಳಿಗೆಯವರ ಅಳಿಯ ಅಮೆರಿಕದ ಟೆಕ್ಸಾಸಿನಲ್ಲಿ ಇಂಜಿನಿಯರ್. ಅವರು ಅಲ್ಲಿಂದ ಮೋಟಾರ್ ಸೈಕಲ್ ಮೇಲೆ ಮೆಕ್ಸಿಕೋ ದೇಶದ ದಕ್ಷಿಣದ ತುದಿಯ ತನಕ ಹೋಗಿ, ಮಾಯಾ ಜನರ ಪಾಳುಬಿದ್ದ ಪಟ್ಟಣಗಳನ್ನು ನೋಡಿ ಬಂದಿದ್ದಾರೆ. ಕಳೆದ ಚೌತಿಗೆ ಮುಂಬಯಿಗೆ ಬಂದಾಗ ಫೋಟೋಗಳನ್ನೆಲ್ಲ ಟೀವಿಯಲ್ಲಿ ಹಾಕಿ ತೋರಿಸಿದರು. ಹೊಟ್ಟೆಕಿಚ್ಚಿನಲ್ಲಿ ನನಗೆ ಕೈಯಲ್ಲಿದ್ದ ಚಹಾ ತಣ್ಣಗಾದದ್ದೂ ತಿಳಿಯಲಿಲ್ಲ. ಕೊನೆಗೆ ಅವರೊಂದು ಮಾತು ಹೇಳಿದರು: "ಎಂಥಾ ಜನ ನೋಡಿ, ಒಬ್ಬರೂ ಉಳಿಯದೆ ಮಾಯವಾಗಿಬಿಟ್ರು."

ಹೆಸರಿಗೆ ತಕ್ಕ ಹಾಗೆ ಅಂತ ನಾವೆಲ್ಲ ನಕ್ಕೆವು. ಮಾರನೇ ದಿನ ಲೈಬ್ರರಿಯಲ್ಲಿ ಕೂತು ಓದಿದ ಮೇಲೆ ನಗು ಬರಲಿಲ್ಲ.

ಪಟ್ಟಣಗಳು ಬರಿದಾದದ್ದು ನಿಜ. ಅವರು ನೋಡಿದ ಪಾಲೆಂಕೆಯಲ್ಲಿ ಪಕಾಲ್ ಎಂಬ ದೊರೆ 615ರಲ್ಲಿ ಪಟ್ಟವೇರಿದ. (ಆಗ ನಮ್ಮ ಬಾದಾಮಿಯಲ್ಲಿ ಇಮ್ಮಡಿ ಪುಲಕೇಶಿ! ಇದನ್ನು ಯಾವ ಮೇಷ್ಟ್ರೂ ನಮಗೆ ಹೇಳಲಿಲ್ಲ.) 683ರಲ್ಲಿ ಸತ್ತ ಅವನ ಸಮಾಧಿ ದೇವಾಲಯದ ಅಡಿಯಲ್ಲಿತ್ತು. ಅಲ್ಲಿಗಿಳಿಯುವ ಮೆಟ್ಟಿಲುಗಳಲ್ಲಿ ತುಂಬಿದ್ದ ಕಲ್ಲುಮಣ್ಣನ್ನು ವರ್ಷಗಟ್ಟಲೆ ತೆಗೆಸಿ, 1952ರಲ್ಲಿ ಆಲ್ಬೆರ್ತೊ ರೂಸ್ ಎಂಬ ಪುರಾತತ್ತ್ವಜ್ಞ ಅದನ್ನು ಕಂಡ. ಒಂಬತ್ತನೇ ಶತಮಾನದ ಹೊತ್ತಿಗೆ ಯುದ್ಧ, ಬರಗಾಲಗಳ ಪೆಟ್ಟಿಗೆ ಇಂಥ ಎಷ್ಟೋ ಪಟ್ಟಣಗಳನ್ನು ಕಾಡು ನುಂಗಿತು.

ನಾನು ಕಾಮರ್ಸಿನವ, ಶಿಲ್ಪಕ್ಕಿಂತ ಲೆಕ್ಕ ಬೇಗ ತಲೆಗೆ ಹೋಗುತ್ತದೆ. ಮಾಯಾ ಲೆಕ್ಕದಲ್ಲಿ ಚುಕ್ಕಿ ಅಂದ್ರೆ ಒಂದು, ಗೆರೆ ಅಂದ್ರೆ ಐದು, ಚಿಪ್ಪು ಅಂದ್ರೆ ಸೊನ್ನೆ. ನಮ್ಮ ಹತ್ತರ ಬದಲು ಅವರದು ಇಪ್ಪತ್ತರ ಲೆಕ್ಕ. ನನ್ನ ವಯಸ್ಸು ಬರೆಯಬೇಕಾದರೆ ಒಂದು ಚಿಪ್ಪು, ಅದರ ತಲೆಯ ಮೇಲೊಂದು ಚುಕ್ಕಿ, ಮುಗೀತು. ಸೊನ್ನೆ ನಮ್ಮವರ ಸ್ವತ್ತು ಮಾತ್ರ ಅಂತ ಎದೆಯುಬ್ಬಿಸಿಕೊಂಡಿದ್ದವನಿಗೆ ಸ್ವಲ್ಪ ಪೆಟ್ಟೇ ಬಿತ್ತು. ಇಂಥ ಲೆಕ್ಕ ಬರೆದಿಟ್ಟ ಅವರ ಪುಸ್ತಕಗಳನ್ನು 1562ರಲ್ಲಿ ಲಾಂಡ ಎಂಬ ಸ್ಪೇನಿನ ಪಾದ್ರಿ ರಾಶಿ ಹಾಕಿ ಸುಡಿಸಿದ. ಇವತ್ತು ಉಳಿದಿರುವುದು ನಾಲ್ಕೇ ನಾಲ್ಕು.

ಪುಸ್ತಕ ಸುಟ್ಟವು, ಸರಿ. ಜನ? ಸುಮಾರು 30 ಮಾಯಾ ಭಾಷೆಗಳನ್ನು ಲಕ್ಷಾಂತರ ಮಂದಿ ಇವತ್ತಿಗೂ ಆಡುತ್ತಾರೆ. ಯುಕಾತಾನಿನ ಮಾಯಾ ಭಾಷೆಯೊಂದನ್ನೇ ಆಡುವವರು ಮೆಕ್ಸಿಕೋದ 2020ರ ಜನಗಣತಿಯ ಪ್ರಕಾರ 7 ಲಕ್ಷಕ್ಕೂ ಹೆಚ್ಚು.

ಅಳಿಯಂದಿರ ಒಂದು ಫೋಟೋ ನನ್ನ ಕಣ್ಣಲ್ಲಿ ಕೂತುಬಿಟ್ಟಿದೆ. ಸಾನ್ ಕ್ರಿಸ್ತೋಬಾಲ್ ಊರಿನಿಂದ ಪಾಲೆಂಕೆಗೆ ಹೋಗುವ ಬೆಟ್ಟದ ದಾರಿ. ಹಳ್ಳಿ ಹಳ್ಳಿಗೂ ತೋಪೆ, ಅಂದ್ರೆ ನಮ್ಮ ರೋಡ್ ಹಂಪು. ಅಲ್ಲಲ್ಲಿ ಮಕ್ಕಳು ರಸ್ತೆಗೆ ಅಡ್ಡ ಹಗ್ಗ ಹಿಡಿದು ಗಾಡಿ ನಿಲ್ಲಿಸಿ ಬಾಳೆಹಣ್ಣು ಮಾರುತ್ತಾರೆ. ಫೋಟೋದಲ್ಲಿ ಹಗ್ಗ ಹಿಡಿದ ಒಬ್ಬಳು ಹುಡುಗಿ, ಹಿಂದೆ ಅವಳ ತಾಯಿ. "ಇವರು ಯಾವ ಭಾಷೆ ಆಡ್ತಿದ್ರು?" ಅಂತ ಕೇಳಿದೆ. "ಸ್ಪ್ಯಾನಿಷ್ ಅಲ್ಲಪ್ಪ, ಏನೋ ಒಂದು," ಅಂದರು. ಆ ಏನೋ ಒಂದು ತ್ಸೆಲ್ತಾಲ್ ಅಥವಾ ಚೋಲ್ ಇದ್ದೀತು. ಆ ಸೀಮೆಯ ಮಾತು ಅವೇ. ಎರಡೂ ಮಾಯಾ ಭಾಷೆಗಳು. ಚೋಲಂತೂ ಪಕಾಲನ ಶಾಸನಗಳ ಭಾಷೆಗೆ ಹತ್ತಿರದ ನಂಟಿನದು. ಹಾರ್ನ್ ಹೊಡೆದು, ಚಿಲ್ಲರೆ ಕೊಟ್ಟು, ಹಗ್ಗ ಇಳಿಸಿಕೊಂಡು ಇವರು "ಮಾಯವಾದ ಜನ"ರನ್ನು ನೋಡಲು ಮುಂದೆ ಹೋದರು!

ಏಸಿ ಬಸ್ಸಿನಲ್ಲಿ ಪರದೆ ಎಳೆದು ಹೋಗುವವರನ್ನು ನಾನು ಕೇಳುವುದಿಲ್ಲ. ಮೋಟಾರ್ ಸೈಕಲ್ಲಿನವನಿಗೆ ಗಾಜಿಲ್ಲ, ಬಾಗಿಲಿಲ್ಲ, ತೋಪೆ ಬಂದಾಗ ಕಾಲು ಊರಲೇಬೇಕು. ಇಷ್ಟು ಅನುಕೂಲವಿದ್ದೂ ಬರೇ ಕಿಲೋಮೀಟರು ಲೆಕ್ಕ ಹಾಕಿಕೊಂಡು ಬರುವುದೆಂದರೆ ನಷ್ಟದ ವ್ಯಾಪಾರ. ಬಿಸಿಲಲ್ಲಿ ದಿನವಿಡೀ ಓಡಿಸಿದವನಿಗೆ ಮಾತಾಡಿಸುವ ತ್ರಾಣ ಎಲ್ಲಿ, ಗುರುತಿಲ್ಲದ ಬೆಟ್ಟದಲ್ಲಿ ಯಾರಾದರೂ ಗಾಡಿ ಅಡ್ಡಗಟ್ಟಿದರೆ ಹೆದರಿಕೆ ಆಗುವುದಿಲ್ಲವೇ ಅಂತ ನೀವು ಕೇಳಬಹುದು. ಒಪ್ಪಿದೆ. ಮಾತಾಡಿಸದಿದ್ದರೆ ಬೇಡ; ಇಲ್ಲವಾದರು ಅಂತ ಹೇಳದಿದ್ದರೆ ಸಾಕು.

ನನಗೇಕೆ ಇಷ್ಟು ಉರಿ ಅಂದ್ರೆ, ಕಾಲೇಜಿನ ಅಡ್ಮಿಷನ್ನಿಗೆ ಹೋದಾಗ ಕೌಂಟರಿನಲ್ಲಿದ್ದವರೊಬ್ಬರು ನನ್ನ ಮಾರ್ಕ್‌ಶೀಟನ್ನು ಕೈಯಲ್ಲಿ ಹಿಡಿದುಕೊಂಡೇ, "ಮುಂಬಯಿಯಲ್ಲಿ ಕನ್ನಡ ಮೀಡಿಯಮ್ಮಾ? ಅದೆಲ್ಲ ಯಾವಾಗಲೋ ಮುಗಿದಿರಬೇಕಲ್ಲ," ಅಂದಿದ್ದರು. ಎದುರಿಗೆ ನಾನು ನಿಂತಿದ್ದೆ.

ಅಳಿಯಂದಿರು ಡಿಸೆಂಬರಿನಲ್ಲಿ ಮತ್ತೆ ಅದೇ ದಾರಿಯಲ್ಲಿ ಹೋಗುತ್ತಾರಂತೆ. ಹಗ್ಗ ಕಂಡಲ್ಲಿ ಎರಡು ನಿಮಿಷ ಎಂಜಿನ್ ಆಫ್ ಮಾಡಿ, ಬಾಳೆಹಣ್ಣಿಗೆ ಅವರ ಭಾಷೆಯಲ್ಲಿ ಏನಂತಾರೆ ಕೇಳಿ ಬನ್ನಿ ಅಂತ ಹೇಳಿದ್ದೇನೆ. "ನೋಡೋಣ ಮಾರಾಯ," ಅಂದಿದ್ದಾರೆ.