ಮನೆಗೆ ನೀರು ನುಗ್ಗಿದರೆ ವಿಮೆ ತಾನಾಗಿ ಬಾರದು

ಕಡೂರು: ಮಳೆನೀರು ಮನೆಯೊಳಗೆ ನುಗ್ಗಿದ ಮರುದಿನ ಬೆಳಗ್ಗೆ ಮನೆಮಂದಿ ಮೊದಲು ಕೈಗೆತ್ತಿಕೊಳ್ಳುವುದು ಪೊರಕೆಯನ್ನು. ಕೆಸರು ಹೊರಹೋಗುತ್ತದೆ, ನೆನೆದ ಹಾಸಿಗೆ ತಿಪ್ಪೆ ಸೇರುತ್ತದೆ, ಕೆಟ್ಟುಹೋದ ಫ್ರಿಜ್ ಗುಜರಿಯವನ ಪಾಲಾಗುತ್ತದೆ. ವಾರ ಕಳೆದ ಬಳಿಕ, ಮನೆಸಾಲದ ಜೊತೆಗೆ ವಿಮೆಯನ್ನೂ ಮಾಡಿಸಿದ್ದುದು ಯಜಮಾನನಿಗೆ ನೆನಪಾಗುತ್ತದೆ. ಅಷ್ಟರಲ್ಲಿ ಹಾನಿಗೆ ಸಾಕ್ಷಿ ನುಡಿಯಬಲ್ಲ ವಸ್ತು ಒಂದೂ ಮನೆಯಲ್ಲಿ ಉಳಿದಿರುವುದಿಲ್ಲ.

ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಮಟ್ಟಿಗೆ ಈ ಮಾತಿಗೆ ವಿಶೇಷ ಅರ್ಥವಿದೆ. ಚಿಕ್ಕಮಗಳೂರು ಜಿಲ್ಲೆ ಎಂದಾಕ್ಷಣ ಹೊರಗಿನವರ ಕಣ್ಣಮುಂದೆ ಬರುವುದು ಮಲೆನಾಡಿನ ಮಳೆ. ಆದರೆ ಬಾಬಾಬುಡನ್ ಗಿರಿಶ್ರೇಣಿಯ ಮಳೆನೆರಳಿನಲ್ಲಿರುವ ಕಡೂರು, ಅಜ್ಜಂಪುರಗಳು ಬಯಲುಸೀಮೆಯ ಬರದ ನಾಡು. ತರೀಕೆರೆ ಅರ್ಧ ಮಲೆನಾಡು, ಅರ್ಧ ಬಯಲು. ಇಲ್ಲಿ ವಿಮೆ ಎಂದರೆ ಜನರಿಗೆ ನೆನಪಾಗುವುದು ಬೆಳೆವಿಮೆ. ನೀರಿನ ಚಿಂತೆ ಎಂದರೆ ನೀರಿಲ್ಲದ ಚಿಂತೆ.

2022ರ ಮಳೆಗಾಲ ಈ ಎಣಿಕೆಯನ್ನು ಬುಡಮೇಲು ಮಾಡಿತು. ಗಿರಿಶ್ರೇಣಿಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಹಿರಿಯೂರಿನತ್ತ ಹರಿಯುತ್ತವೆ. ಆ ನದಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ 1933ರ ಬಳಿಕ ಮೊದಲ ಬಾರಿಗೆ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಿತು. ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಅದರಲ್ಲಿ ಸೇರಿತ್ತೆಂಬುದು ನಿಜ. ಆದರೂ ಮೇಲ್ಭಾಗದ ತಾಲ್ಲೂಕುಗಳಲ್ಲಿ ಎಂತಹ ಮಳೆ ಸುರಿಯಿತೆಂಬುದಕ್ಕೆ ಆ ಕೋಡಿಯೇ ಸಾಕ್ಷಿ. ಮರುವರ್ಷ, ಅಂದರೆ 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು; ಕಡೂರೂ ಅದರಲ್ಲಿತ್ತು. ಒಂದು ವರ್ಷ ನೆರೆ, ಮರುವರ್ಷ ಬರ ಎಂಬ ಸ್ಥಿತಿಯಲ್ಲಿ, ವರ್ಷಗಟ್ಟಲೆ ಒಣಗಿದ್ದ ಹಳ್ಳದ ಅಂಚಿನಲ್ಲಿ ಧೈರ್ಯವಾಗಿ ಮನೆ ಕಟ್ಟಿದವನೇ ಮೊದಲು ತೊಂದರೆಗೆ ಸಿಲುಕುತ್ತಾನೆ.

ಮೂರು ಬಾಗಿಲು, ಮೂರು ನಿಯಮ

ಮನೆವಿಮೆಯ ವಿಷಯದಲ್ಲಿ ಜನ ಎಡವುವುದಕ್ಕೆ ಮುಖ್ಯ ಕಾರಣ ಅಜ್ಞಾನಕ್ಕಿಂತ ಹೆಚ್ಚಾಗಿ ರೂಢಿ. ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ಮಳೆಮಾಪನ ಕೇಂದ್ರದ ಅಂಕಿಅಂಶದ ಮೇಲೆ ಪರಿಹಾರ ನಿಗದಿಯಾಗುತ್ತದೆ. ತರೀಕೆರೆ ಭಾಗದ ಅಡಿಕೆ ಬೆಳೆಗಾರ ಯಾರಿಗೂ ಅರ್ಜಿ ಕೊಡದಿದ್ದರೂ ಹಣ ಆತನ ಬ್ಯಾಂಕ್ ಖಾತೆಗೆ ಬರಬಹುದು.

ಸರಕಾರದ ನೆರೆ ಪರಿಹಾರದ ದಾರಿ ಬೇರೆ. ಅಲ್ಲಿ ಗ್ರಾಮ ಆಡಳಿತಾಧಿಕಾರಿ ಸ್ಥಳಕ್ಕೆ ಬಂದು ಮಹಜರು ನಡೆಸುತ್ತಾರೆ, ತಹಶೀಲ್ದಾರರ ಕಚೇರಿಯಿಂದ ಮಂಜೂರಾತಿ ದೊರೆಯುತ್ತದೆ. 2019ರ ಮಹಾನೆರೆಯ ಬಳಿಕ ರಾಜ್ಯ ಸರಕಾರ ಪೂರ್ಣ ಕುಸಿದ ಮನೆಗೆ 5 ಲಕ್ಷ ರೂಪಾಯಿ, ನೀರು ನುಗ್ಗಿದ ಕುಟುಂಬಕ್ಕೆ ತಕ್ಷಣದ ನೆರವಾಗಿ 10 ಸಾವಿರ ರೂಪಾಯಿ ನೀಡಿತು. ಆದರೆ ಈ ಮೊತ್ತಗಳು ಆಯಾ ವರ್ಷದ ಸರಕಾರಿ ಆದೇಶಕ್ಕೆ ಒಳಪಟ್ಟವು. ಕೇಂದ್ರದ ವಿಪತ್ತು ಪರಿಹಾರ ನಿಧಿಯ 2022-26ರ ಮಾನದಂಡದಂತೆ ಬಯಲು ಪ್ರದೇಶದಲ್ಲಿ ಪೂರ್ಣ ಹಾನಿಗೊಂಡ ಪಕ್ಕಾ ಮನೆಗೆ ನಿಗದಿಯಾದದ್ದು 1.20 ಲಕ್ಷ ರೂಪಾಯಿ ಮಾತ್ರ. ಇದು ನೆರವೇ ಹೊರತು ನಷ್ಟಭರ್ತಿಯಲ್ಲ.

ಮೂರನೆಯದು ಮನೆವಿಮೆ. ಇದು ಘೋಷಣೆಯಿಂದ ಬರುವುದಿಲ್ಲ, ಪಂಚಾಯಿತಿಯ ಪಟ್ಟಿಯಿಂದಲೂ ಬರುವುದಿಲ್ಲ. ಮನೆಯ ಮಾಲೀಕ ತಾನೇ ಕಂಪನಿಗೆ ತಿಳಿಸಿ, ತಾನೇ ಹಾನಿಯನ್ನು ತೋರಿಸಿ, ತಾನೇ ಅರ್ಜಿ ಸಲ್ಲಿಸಬೇಕು. ಮೊದಲೆರಡು ಬಾಗಿಲುಗಳ ಮುಂದೆ ಕಾಯುವ ಅಭ್ಯಾಸವಿರುವ ನಾವು ಮೂರನೆಯ ಬಾಗಿಲಿನ ಮುಂದೆಯೂ ಕಾಯುತ್ತೇವೆ. ಅದು ಒಳಗಿನಿಂದ ಎಂದೂ ತೆರೆಯುವುದಿಲ್ಲ.

ಪಾಲಿಸಿಯಲ್ಲಿ ಏನಿದೆ?

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಮನೆವಿಮೆಯನ್ನು ಜಾರಿಗೆ ತಂದಿದೆ. ಬೆಂಕಿ, ಸಿಡಿಲು, ಬಿರುಗಾಳಿ, ಭೂಕುಸಿತಗಳ ಜೊತೆಗೆ ನೆರೆ ಮತ್ತು ಜಲಾವೃತಿ, ನೀರಿನ ಟ್ಯಾಂಕು ಹಾಗೂ ಕೊಳವೆ ಒಡೆದು ಅಥವಾ ಉಕ್ಕಿ ಹರಿದು ಆಗುವ ಹಾನಿಯೂ ಇದರ ವ್ಯಾಪ್ತಿಯಲ್ಲಿದೆ. ಪಾಲಿಸಿ ಹೆಸರಿಸುವುದು ಇಂತಹ ಘಟನೆಗಳನ್ನು. ವರ್ಷಗಳಿಂದ ಗೋಡೆಗೆ ಇಳಿಯುತ್ತಿರುವ ತೇವ, ದುರಸ್ತಿಯಿಲ್ಲದೆ ಸೋರುವ ತಾರಸಿ ಘಟನೆಯಲ್ಲ, ನಿರ್ಲಕ್ಷ್ಯ ಎಂಬುದು ಕಂಪನಿಗಳ ವಾದ. ನೀರಿನ ಹಾನಿಯ ಬಹುಪಾಲು ತಕರಾರು ಹುಟ್ಟುವುದು ಇಲ್ಲಿಯೇ. ಆದ್ದರಿಂದ ಅರ್ಜಿಯಲ್ಲಿ ‘ಮನೆ ಸೋರಿತು’ ಎಂದಷ್ಟೇ ಬರೆಯದೆ, ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿಂದ, ಎಷ್ಟು ಎತ್ತರಕ್ಕೆ ನೀರು ಬಂತೆಂಬುದನ್ನು ನಡೆದಂತೆಯೇ ಬರೆಯುವುದು ಅಗತ್ಯ.

ಹೊಳೆಯೇ ಇಲ್ಲದ ಬೀದಿಯಲ್ಲಿ ನೆರೆ ಹೇಗೆ ಬಂತು ಎಂಬ ಪ್ರಶ್ನೆಯೂ ಏಳಬಹುದು. ಇದಕ್ಕೆ ಸುಪ್ರೀಂ ಕೋರ್ಟು 2020ರಲ್ಲಿ ಉತ್ತರಿಸಿದೆ. ಓರಿಯೆಂಟಲ್ ಇನ್ಶೂರೆನ್ಸ್ ಮತ್ತು ಜೆ.ಕೆ. ಸಿಮೆಂಟ್ ವರ್ಕ್ಸ್ ನಡುವಿನ ಪ್ರಕರಣದಲ್ಲಿ, ಭಾರಿ ಮಳೆಯಿಂದ ನೀರು ಶೇಖರಗೊಂಡು ಆದ ಹಾನಿಯೂ ‘ನೆರೆ ಮತ್ತು ಜಲಾವೃತಿ’ ಎಂಬ ಮಾತಿನ ವ್ಯಾಪ್ತಿಗೆ ಬರುತ್ತದೆಂದು ನ್ಯಾಯಾಲಯ ಎತ್ತಿಹಿಡಿಯಿತು. ಅಲ್ಲಿ ನೆನೆದದ್ದು ಕಾರ್ಖಾನೆಯ ಕಲ್ಲಿದ್ದಲು. ಆದರೆ ತತ್ವ ಬಯಲುಸೀಮೆಯ ಮನೆಗೂ ಆಸರೆಯಾಗಬಲ್ಲದು.

ವಿಮಾ ಮೊತ್ತದ ಲೆಕ್ಕವೂ ತಿಳಿದಿರಬೇಕು. ನಿವೇಶನದ ಬೆಲೆ ಇಲ್ಲಿ ಗಣನೆಗೆ ಬಾರದು. ಕಟ್ಟಡದ ವಿಸ್ತೀರ್ಣವನ್ನು ಈಗಿನ ನಿರ್ಮಾಣ ವೆಚ್ಚದಿಂದ ಗುಣಿಸಬೇಕು. ಸಾವಿರ ಚದರಡಿಯ ಮನೆಗೆ ಚದರಡಿಗೆ 1,800 ರೂಪಾಯಿ ಎಂದಿಟ್ಟುಕೊಂಡರೆ 18 ಲಕ್ಷ ರೂಪಾಯಿ. ಅದರ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯೊಳಗಿನ ಸಾಮಾನುಗಳಿಗೆ ತಾನಾಗಿ ದೊರೆಯುತ್ತದೆ. ಈ ಉದಾಹರಣೆಯಲ್ಲಿ ಅದು 3.60 ಲಕ್ಷ. ಒಡವೆಗೆ ಪ್ರತ್ಯೇಕ ರಕ್ಷಣೆ ಕೇಳಿ ಪಡೆಯಬೇಕು. ಮುಖ್ಯವಾಗಿ, ಮಾರಾಟಕ್ಕೆಂದು ಅಟ್ಟದಲ್ಲಿ ಕೂಡಿಟ್ಟ ಕೊಬ್ಬರಿ, ಅಡಿಕೆ, ಈರುಳ್ಳಿ ಗೃಹೋಪಯೋಗಿ ಸಾಮಾನಲ್ಲ. ಮನೆಯೇ ಉಗ್ರಾಣವೂ ಆಗಿರುವ ಈ ಸೀಮೆಯಲ್ಲಿ ದೊಡ್ಡ ನಷ್ಟ ಅದರಲ್ಲೇ ಆಗಬಹುದು. ಅದಕ್ಕೆ ಬೇರೆಯೇ ವಿಮೆ ಬೇಕು.

ಸಾಲಗಾರರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಬ್ಯಾಂಕಿನಲ್ಲಿ ಸಹಿ ಮಾಡಿಸಿಕೊಂಡ ‘ಇನ್ಶೂರೆನ್ಸು’ ಕಟ್ಟಡದ್ದೋ, ಸಾಲಗಾರನ ಜೀವದ್ದೋ ಎಂಬುದನ್ನು ನೋಡಬೇಕು. ಜೀವವಿಮೆಯಿಂದ ಬಿದ್ದ ಗೋಡೆ ಏಳುವುದಿಲ್ಲ. ಕಟ್ಟಡದ್ದೇ ಆಗಿದ್ದರೂ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಪರಿಹಾರದ ಹಣದ ಮೇಲೆ ಮೊದಲ ಹಕ್ಕು ಬ್ಯಾಂಕಿಗೆ. ಪಾಲಿಸಿಯ ಪ್ರತಿ ಬ್ಯಾಂಕಿನ ಕಡತದಲ್ಲೇ ಉಳಿದಿದ್ದರೆ ಇಂದೇ ಕೇಳಿ ಪಡೆಯುವುದು ಒಳಿತು.

ಮೊದಲ ದಿನದ ಕೆಲಸ

ನೀರು ಇಳಿದ ಕೂಡಲೇ ವಿದ್ಯುತ್ತಿನ ಮೇನ್ ಸ್ವಿಚ್ ಆರಿಸಿ, ಮನೆಯವರ ಸುರಕ್ಷತೆ ನೋಡಿಕೊಂಡ ಬಳಿಕ ಮಾಡಬೇಕಾದದ್ದು ಛಾಯಾಚಿತ್ರ ತೆಗೆಯುವ ಕೆಲಸ. ಗೋಡೆಯ ಮೇಲೆ ನೀರು ಉಳಿಸಿಹೋದ ಗೆರೆ, ಪ್ರತಿ ಕೋಣೆ, ಹಾಳಾದ ಪ್ರತಿ ವಸ್ತು, ಯಂತ್ರಗಳ ಮೇಲಿನ ಸಂಖ್ಯೆಯ ಚೀಟಿ ಚಿತ್ರದಲ್ಲಿರಬೇಕು. ಆಮೇಲೆ ಕೆಸರು ತೆಗೆಯಬಹುದು. ಹಾನಿ ಹೆಚ್ಚದಂತೆ ನೋಡಿಕೊಳ್ಳುವುದು ಮಾಲೀಕನ ಕರ್ತವ್ಯವೂ ಹೌದು. ಆದರೆ ಹಾಳಾದ ಸಾಮಾನನ್ನು ಸರ್ವೇಯರ್ ನೋಡುವವರೆಗೆ ಎಸೆಯಕೂಡದು.

ಕಂಪನಿಗೆ ಅಂದೇ ದೂರವಾಣಿಯಲ್ಲಿ ತಿಳಿಸಿ, ದೂರಿನ ಸಂಖ್ಯೆ ಪಡೆದು, ಅದನ್ನೇ ಇ-ಮೇಲ್ ಅಥವಾ ಪತ್ರದ ಮೂಲಕ ದೃಢಪಡಿಸಬೇಕು. ಭರ್ತಿ ಮಾಡಿದ ಕ್ಲೇಮ್ ಅರ್ಜಿ ಸಲ್ಲಿಸಲು ಹಾನಿ ಕಂಡ ದಿನದಿಂದ 30 ದಿನಗಳ ಅವಕಾಶವಿದೆ. ಕಂದಾಯ ಇಲಾಖೆಯ ಮಹಜರಿನ ಪ್ರತಿ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಯ ಅಂಕಿಅಂಶ, ದುರಸ್ತಿಯ ಅಂದಾಜುಪಟ್ಟಿ, ಸಿಕ್ಕಷ್ಟು ಖರೀದಿ ರಸೀದಿ ಇವು ಅರ್ಜಿಗೆ ಬಲ ಕೊಡುತ್ತವೆ. ಸರಕಾರಿ ಮಹಜರು ಮುಗಿಯಿತೆಂದರೆ ವಿಮೆಯ ಪರಿಶೀಲನೆಯೂ ಮುಗಿಯಿತೆಂದು ತಿಳಿಯುವುದು ತಪ್ಪು. ಒಂದು ಇನ್ನೊಂದಕ್ಕೆ ಪೂರಕವೇ ಹೊರತು ಬದಲಿಯಲ್ಲ.

ಕಂಪನಿಗೂ ಗಡುವುಗಳಿವೆ. ಪ್ರಾಧಿಕಾರದ 2024ರ ಜೂನ್ ಸುತ್ತೋಲೆಯ ಪ್ರಕಾರ ಸರ್ವೇಯರ್ ನೇಮಕ 24 ಗಂಟೆಯೊಳಗೆ, ಆತನ ವರದಿ 15 ದಿನಗಳೊಳಗೆ, ವರದಿ ಬಂದ 7 ದಿನಗಳೊಳಗೆ ಕಂಪನಿಯ ತೀರ್ಮಾನ ಆಗಬೇಕು. ಜಿಲ್ಲಾ ಕೇಂದ್ರದಿಂದ ದೂರವಿರುವ ಅಜ್ಜಂಪುರದಂತಹ ಊರಿಗೆ ಸರ್ವೇಯರ್ ಬರುವುದು ತಡವಾದೀತು ಎಂಬ ಕಾರಣಕ್ಕೆ ಈ ಗಡುವು ಸಡಿಲವಾಗುವುದಿಲ್ಲ. ತಡವಾದರೆ ಲಿಖಿತವಾಗಿ ಕೇಳುವ ಹಕ್ಕು ಮಾಲೀಕನದು.

ನಿರಾಕರಿಸಿದರೆ?

ಸರ್ವೇಯರ್ ಬರೆದದ್ದೇ ಅಂತಿಮವಲ್ಲ ಎಂದು ಸುಪ್ರೀಂ ಕೋರ್ಟು 2009ರಲ್ಲೇ ಹೇಳಿದೆ. ಕ್ಲೇಮ್ ತಿರಸ್ಕೃತವಾದರೆ, ಪಾಲಿಸಿಯ ಯಾವ ಷರತ್ತಿನ ಮೇಲೆ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಬೇಕು. ಪ್ರಾಧಿಕಾರದ ‘ಬಿಮಾ ಭರೋಸಾ’ ವ್ಯವಸ್ಥೆಯಲ್ಲಿಯೂ ದೂರು ದಾಖಲಿಸಬಹುದು. ಅದರ ಉಚಿತ ದೂರವಾಣಿ ಸಂಖ್ಯೆ 155255. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 2023ರಿಂದ 50 ಲಕ್ಷ ರೂಪಾಯಿವರೆಗಿನ ಪರಿಹಾರ ಕೊಡಿಸುವ ಅಧಿಕಾರ ಅದಕ್ಕಿದೆ. ಇಲ್ಲವೇ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗವಿದೆ. ಅಲ್ಲಿ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು.

ಇಷ್ಟೆಲ್ಲ ಬಾಗಿಲುಗಳಿದ್ದರೂ ಅವುಗಳ ಮುಂದೆ ನಿಲ್ಲುವವನ ಕೈಯಲ್ಲಿ ಪುರಾವೆ ಇರಬೇಕಲ್ಲವೇ? ಬಹುಪಾಲು ಇಂಗ್ಲಿಷಿನಲ್ಲಿರುವ ಪಾಲಿಸಿಯನ್ನು ಓದಿ ತಿಳಿಸುವ ಹೊಣೆಯನ್ನು ಬ್ಯಾಂಕು ಮತ್ತು ವಿಮಾ ಕಂಪನಿಗಳು ಹೊರಬೇಕೆಂಬುದು ನ್ಯಾಯವಾದ ಬೇಡಿಕೆ. ನೆರೆಯ ಮಹಜರಿಗೆ ಬರುವ ಅಧಿಕಾರಿ ‘ಮನೆಗೆ ವಿಮೆ ಇದೆಯೇ’ ಎಂದು ಒಂದು ಮಾತು ಕೇಳಿದರೂ ಎಷ್ಟೋ ಕುಟುಂಬಗಳಿಗೆ ಉಪಕಾರವಾದೀತು. ಆ ದಿನ ಬರುವವರೆಗೆ ಮನೆ ಉಳಿಸಿಕೊಳ್ಳುವ ಜವಾಬ್ದಾರಿ ಮನೆಯವರದೇ. ಮುಂದಿನ ಮಳೆಗೆ ಮುನ್ನ ಪಾಲಿಸಿಯನ್ನು ಹುಡುಕಿ ತೆಗೆಯಲಿ. ಮಳೆ ಬಂದ ಮರುದಿನ ಪೊರಕೆಗಿಂತ ಮೊದಲು ಕ್ಯಾಮೆರಾ ಕೈಗೆ ಬರಲಿ.