ಧ್ವನಿ ನಾಲ್ವರದು, ಹೆಸರು ಯಾರದು?

ರಾಕ್ ಸಂಗೀತವೆಂದರೆ ಬರಿಯ ಗದ್ದಲವೆಂದು ನಂಬಿರುವ ನನ್ನ ಬಂಧುಗಳೂ, ಆ ಗದ್ದಲದ ನಡುವೆಯೇ ಬೆಳೆದು ಈಗ ತಲೆ ನರೆಯತೊಡಗಿರುವ ನನ್ನ ಹಳೆಯ ವಿದ್ಯಾರ್ಥಿಗಳೂ ಈ ಬರಹವನ್ನು ಓದುವರೆಂದು ಬಲ್ಲೆ. ಇಬ್ಬರನ್ನೂ ಒಪ್ಪಿಸುವುದು ಸುಲಭವಲ್ಲ. ಆದರೂ ಇಂಗ್ಲೆಂಡಿನ ‘ಪಿಂಕ್ ಫ್ಲಾಯ್ಡ್’ ಎಂಬ ತಂಡದ ವಿಷಯವಾಗಿ ಒಂದು ಮಾತನ್ನು ಹೇಳಬೇಕೆನಿಸಿದೆ.

ಆ ತಂಡದ ಅಭಿಮಾನಿಗಳಲ್ಲಿ ಎರಡು ಪಂಗಡಗಳಿವೆ. ಹಾಡುಗಳನ್ನು ಬರೆದ ರೋಜರ್ ವಾಟರ್ಸ್ ಅವರೇ ಪಿಂಕ್ ಫ್ಲಾಯ್ಡ್ ಎನ್ನುವವರು ಒಂದು ಕಡೆ. ಡೇವಿಡ್ ಗಿಲ್ಮೋರ್ ಅವರ ಗಿಟಾರೇ ಪಿಂಕ್ ಫ್ಲಾಯ್ಡ್ ಎನ್ನುವವರು ಇನ್ನೊಂದು ಕಡೆ. ಮರಕ್ಕೆ ಬೇರು ಮುಖ್ಯವೋ ಎಲೆ ಮುಖ್ಯವೋ ಎಂದು ಜಗಳವಾಡಿದಂತೆ ಇದು. ತಂಡದ ಆಲ್ಬಮ್‌ಗಳನ್ನು ಹೊರಬಂದ ಕ್ರಮದಲ್ಲಿಯೇ ಕೇಳುತ್ತ, ಜೊತೆಗೆ ಪ್ರತಿ ಹಾಡಿಗೂ ಯಾರು ಯಾರ ಹೆಸರು ಮುದ್ರಿತವಾಗಿದೆಯೆಂದು ಓದುತ್ತ ಹೋದರೆ ಬೇರೊಂದು ಸಂಗತಿ ತಿಳಿಯುತ್ತದೆ. ಹಲವರ ಹೆಸರು ಸೇರಿದ್ದ ಕಾಲದಲ್ಲಿ ಆ ನಾದ ತುಂಬಿಕೊಂಡಿತ್ತು. ಹೆಸರು ಒಂದೇ ಆಗುತ್ತ ಬಂದಂತೆ ನಾದ ಬತ್ತುತ್ತ ಬಂದಿತು. ಇದೇ ನನ್ನ ವಾದ.

ಮೊದಲು ಹುಟ್ಟಿನ ಕಥೆ. ವಾಟರ್ಸ್, ಡ್ರಮ್ಸ್ ಬಾರಿಸುವ ನಿಕ್ ಮೇಸನ್, ಕೀಬೋರ್ಡ್ ನುಡಿಸುವ ರಿಚರ್ಡ್ ರೈಟ್ – ಈ ಮೂವರೂ ಲಂಡನ್ನಿನ ಪಾಲಿಟೆಕ್ನಿಕ್ ಒಂದರಲ್ಲಿ ವಾಸ್ತುಶಿಲ್ಪದ ವಿದ್ಯಾರ್ಥಿಗಳಾಗಿದ್ದವರು. ಕೇಂಬ್ರಿಡ್ಜಿನಿಂದ ಬಂದ ಚಿತ್ರಕಲೆಯ ವಿದ್ಯಾರ್ಥಿ ಸಿಡ್ ಬ್ಯಾರೆಟ್ ಇವರೊಡನೆ ಸೇರಿ, 1965ರಲ್ಲಿ ತಂಡಕ್ಕೆ ಹೆಸರಿಟ್ಟರು. 1967ರ ಮೊದಲ ಆಲ್ಬಮ್ ‘ದ ಪೈಪರ್ ಅಟ್ ದ ಗೇಟ್ಸ್ ಆಫ್ ಡಾನ್’ ಬಹುಪಾಲು ಬ್ಯಾರೆಟ್ ಅವರ ಕಲ್ಪನೆಯ ಕೂಸು. ಆದರೆ ಅಮಲು ಪದಾರ್ಥಗಳ ಸೇವನೆಯ ನಡುವೆ ಅವರ ಮನಸ್ಸಿನ ಸ್ವಾಸ್ಥ್ಯ ಕೆಡುತ್ತ ಹೋಯಿತು. 1968ರ ಆರಂಭದಲ್ಲಿ ಗಿಲ್ಮೋರ್ ತಂಡವನ್ನು ಸೇರಿದರು. ಏಪ್ರಿಲ್ ಹೊತ್ತಿಗೆ ಬ್ಯಾರೆಟ್ ಹೊರನಡೆದಾಗಿತ್ತು. ಹಾಡು ಕಟ್ಟುವವನನ್ನೇ ಕಳೆದುಕೊಂಡ ತಂಡ ಉಳಿಯುವುದು ಹೇಗೆ?

ಮುಂದಿನ ಮೂರು ವರ್ಷಗಳು ಹುಡುಕಾಟದವು. 1968ರ ‘ಎ ಸಾಸರ್‌ಫುಲ್ ಆಫ್ ಸೀಕ್ರೆಟ್ಸ್’ನ ಶೀರ್ಷಿಕೆ ರಚನೆಯನ್ನು ಕಟ್ಟಡದ ನಕ್ಷೆಯಂತೆ ಕಾಗದದ ಮೇಲೆ ಗೀಚಿಕೊಂಡು ರೂಪಿಸಿದರಂತೆ. ವಾಸ್ತುಶಿಲ್ಪದ ಪಾಠ ಪೂರ್ತಿ ವ್ಯರ್ಥವಾಗಲಿಲ್ಲವೆನ್ನಿ! 1969ರ ‘ಉಮ್ಮಗುಮ್ಮ’ದಲ್ಲಿ ಅವರು ಒಂದು ವಿಚಿತ್ರ ಪ್ರಯೋಗ ಮಾಡಿದರು. ಅದು ಎರಡು ತಟ್ಟೆಗಳ ಆಲ್ಬಮ್. ಒಂದರಲ್ಲಿ ವೇದಿಕೆಯ ಕಛೇರಿ, ಇನ್ನೊಂದನ್ನು ನಾಲ್ವರೂ ಸಮನಾಗಿ ಪಾಲು ಮಾಡಿಕೊಂಡು ತಮ್ಮ ತಮ್ಮ ಪಾಲಿಗೆ ಬೇಕಾದುದನ್ನು ತುಂಬಿದರು. ಆ ಎರಡನೆಯ ತಟ್ಟೆಯನ್ನು ಅವರೇ ಮುಂದೆ ಮೆಚ್ಚಲಿಲ್ಲ. ಅಣ್ಣತಮ್ಮಂದಿರು ಅಂಗಳಕ್ಕೆ ಗೋಡೆ ಹಾಕಿಕೊಂಡು ನಾಲ್ಕು ಒಲೆ ಹೂಡಿದಂತಾಯಿತು. ನಾಲ್ವರು ಸೇರಿದ ಮಾತ್ರಕ್ಕೆ ತಂಡವಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಡ.

ಆದುದರಿಂದ ಆ ತಂಡದ ನಿಜವಾದ ಜನ್ಮಪತ್ರಿಕೆ 1971ರ ‘ಮೆಡ್ಲ್’ ಎಂದು ನನ್ನ ಅಭಿಪ್ರಾಯ. ಆ ವರ್ಷದ ಆರಂಭದಲ್ಲಿ ಕೈಯಲ್ಲಿ ಒಂದು ಹಾಡೂ ಇಲ್ಲದೆ ಅವರು ಸ್ಟುಡಿಯೋಗೆ ಹೋದರು. ತೋಚಿದ್ದನ್ನು ನುಡಿಸಿ ಆ ತುಣುಕುಗಳಿಗೆ ‘ಏನೂ ಅಲ್ಲ’ ಎಂಬ ಅರ್ಥದ ಹೆಸರಿಟ್ಟು ಸಂಖ್ಯೆ ಹಾಕುತ್ತ ಹೋದರು. ರೈಟ್ ಪಿಯಾನೋದ ಒಂದೇ ಒಂದು ಸ್ವರವನ್ನು, ಒಳಗೆ ತಿರುಗುವ ಧ್ವನಿವರ್ಧಕದ ಮೂಲಕ ಹಾಯಿಸಿದಾಗ ಆಳದ ನೀರಿನಲ್ಲಿ ಹನಿ ಬಿದ್ದಂಥ ಸದ್ದು ಹೊಮ್ಮಿತು. ಆ ಒಂದು ಸ್ವರದಿಂದ ಇಪ್ಪತ್ತಮೂರು ನಿಮಿಷಗಳ ‘ಎಕೋಸ್’ ಬೆಳೆದು ತಟ್ಟೆಯ ಒಂದು ಮಗ್ಗುಲನ್ನು ಪೂರ್ತಿ ಆವರಿಸಿತು. ಗಿಲ್ಮೋರ್ ಮತ್ತು ರೈಟ್ ಅವರ ಕಂಠಗಳು ಅದರಲ್ಲಿ ಬೇರ್ಪಡಿಸಲಾಗದಂತೆ ಬೆರೆತಿವೆ. ಅದರ ಕೆಳಗೆ ನಾಲ್ವರ ಹೆಸರೂ ಇದೆ. ಅವಸರವಿಲ್ಲದ ನಡೆ, ಸ್ವರ ಸ್ವರಗಳ ನಡುವಿನ ಬಯಲು, ನಿಧಾನವಾಗಿ ಏರುವ ಗಿಟಾರ್ – ಲೋಕ ಇಂದು ಪಿಂಕ್ ಫ್ಲಾಯ್ಡ್ ಎಂದು ಗುರುತಿಸುವ ಲಕ್ಷಣಗಳೆಲ್ಲ ಅಲ್ಲಿ ಮೈದಳೆದವು.

1973ರ ಮಾರ್ಚಿನಲ್ಲಿ ಬಂದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆ ಬೀಜದ ಫಲ. ಅದು ಒಮ್ಮೆಗೇ ಆಕಾಶದಿಂದ ಇಳಿದದ್ದಲ್ಲ. 1972ರ ಆರಂಭದಿಂದ ಒಂದು ವರ್ಷಕ್ಕೂ ಮಿಕ್ಕಿ ವೇದಿಕೆಗಳಲ್ಲಿ ನುಡಿಸಿ ನುಡಿಸಿ ತಿದ್ದಿದ ಕೃತಿ. ಕಾಲ, ಹಣ, ಹುಚ್ಚು, ಸಾವು – ಇವುಗಳನ್ನು ಕುರಿತ ಸಾಹಿತ್ಯವೆಲ್ಲ ವಾಟರ್ಸ್ ಅವರದೇ. ಸಂಗೀತದಲ್ಲಿ ಮಾತ್ರ ನಾಲ್ವರಿಗೂ ಪಾಲಿದೆ. ‘ಮನಿ’ ಹಾಡು ವಾಟರ್ಸ್ ಒಬ್ಬರ ಹೆಸರಿನಲ್ಲಿದೆಯಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಗಮನವಿಟ್ಟು ಕೇಳಿ. ನಮ್ಮ ಮಿಶ್ರಛಾಪಿನಂತೆ ಏಳರ ಎಣಿಕೆಯಲ್ಲಿ ಸಾಗುವ ಆ ಹಾಡು, ಗಿಲ್ಮೋರ್ ಗಿಟಾರ್ ಎತ್ತಿಕೊಂಡೊಡನೆ ನಾಲ್ಕರ ಎಣಿಕೆಗೆ ಹೊರಳಿ ಓಡತೊಡಗುತ್ತದೆ. ಹಾಡು ಒಬ್ಬರದಿದ್ದರೂ ಓಟ ಎಲ್ಲರದು. ‘ಟೈಮ್’ ಹಾಡಿನ ಆರಂಭದಲ್ಲಿ ಒಮ್ಮೆಲೇ ಬಾರಿಸುವ ಗಡಿಯಾರಗಳನ್ನು ತಂದವರು ಧ್ವನಿಮುದ್ರಣದ ತಂತ್ರಜ್ಞ ಅಲನ್ ಪಾರ್ಸನ್ಸ್. ಹಳೆಯ ಗಡಿಯಾರಗಳ ಅಂಗಡಿಯೊಂದರಲ್ಲಿ ಅವರು ಆ ಸದ್ದುಗಳನ್ನು ಹಿಡಿದಿದ್ದರು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಈ ಆಲ್ಬಮ್ 1988ರ ವರೆಗೆ 700ಕ್ಕೂ ಹೆಚ್ಚು ವಾರ ಉಳಿಯಿತು.

ಇದೇ ಆಲ್ಬಮ್ಮಿನಲ್ಲಿ ಹೆಸರಿನ ಪ್ರಶ್ನೆ ಇನ್ನೊಂದು ಬಗೆಯಲ್ಲಿಯೂ ತಲೆಯೆತ್ತಿತು. ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ ಎಂಬ ರಚನೆಯಲ್ಲಿ ಪದಗಳಿಲ್ಲದೆ, ಬರಿಯ ಆಲಾಪದಿಂದ ಸಾವಿನ ಸಂಕಟವನ್ನು ಹಾಡಿದವರು ಕ್ಲೇರ್ ಟೋರಿ. ಒಂದು ಭಾನುವಾರದ ಕೆಲಸಕ್ಕೆ ಅವರಿಗೆ ಸಂದದ್ದು 30 ಪೌಂಡು. ಆ ಆಲಾಪವನ್ನು ಅವರು ಆಗಲೇ ಮನೋಧರ್ಮದಿಂದ ಕಟ್ಟಿ ಹಾಡಿದ್ದರೂ ರಚನಕಾರರಾಗಿ ನಿಂತದ್ದು ರೈಟ್ ಹೆಸರು ಮಾತ್ರ. 2004ರಲ್ಲಿ ಅವರು ನ್ಯಾಯಾಲಯಕ್ಕೆ ಹೋದರು; 2005ರಲ್ಲಿ ರಾಜಿಯಾಗಿ ಅವರ ಹೆಸರೂ ಸೇರಿತು. ಮೂವತ್ತೆರಡು ವರ್ಷ ಬೇಕಾಯಿತು!

1975ರ ‘ವಿಶ್ ಯೂ ವರ್ ಹಿಯರ್’ ನನಗೆ ಎಲ್ಲಕ್ಕಿಂತ ಪ್ರಿಯವಾದುದು. ಅಗಲಿದ ಗೆಳೆಯ ಬ್ಯಾರೆಟ್ ಅವರನ್ನು ನೆನೆಯುವ ‘ಶೈನ್ ಆನ್ ಯೂ ಕ್ರೇಜಿ ಡೈಮಂಡ್’ ಒಂಬತ್ತು ಭಾಗಗಳಾಗಿ ಆಲ್ಬಮ್ಮಿನ ಎರಡು ತುದಿಗಳನ್ನೂ ಹಿಡಿದಿದೆ. ಗಿಲ್ಮೋರ್ ಅವರ ನಾಲ್ಕು ಸ್ವರಗಳಿಂದ ಹುಟ್ಟಿ, ವಾಟರ್ಸ್ ಅವರ ಮಾತುಗಳಿಂದ ಅರ್ಥ ಪಡೆದು, ರೈಟ್ ಒಬ್ಬರೇ ರಚಿಸಿದ ಕೊನೆಯ ಭಾಗದಲ್ಲಿ ಅದು ಮುಗಿಯುತ್ತದೆ. 1975ರ ಜೂನ್ 5ರಂದು ಅವರು ಆ ಹಾಡಿನ ಕೆಲಸದಲ್ಲಿದ್ದಾಗ, ಮೈ ಊದಿಕೊಂಡು, ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡಿದ್ದ ವ್ಯಕ್ತಿಯೊಬ್ಬರು ಸ್ಟುಡಿಯೋಗೆ ಬಂದರು. ಅವರೇ ಬ್ಯಾರೆಟ್ ಎಂದು ಗೆಳೆಯರಿಗೆ ಕೂಡಲೇ ಗುರುತು ಹತ್ತಲಿಲ್ಲ. ಯಾರಿಗಾಗಿ ಹಾಡು ಕಟ್ಟುತ್ತಿದ್ದರೋ ಅವರೇ ಎದುರಿಗಿದ್ದರು!

ಅಲ್ಲಿಂದಾಚೆಗೆ ಇಳಿಜಾರು. 1977ರ ‘ಅನಿಮಲ್ಸ್’ನಲ್ಲಿ ರೈಟ್ ಹೆಸರು ಎಲ್ಲಿಯೂ ಇಲ್ಲ, ಗಿಲ್ಮೋರ್ ಹೆಸರು ಒಂದೇ ಹಾಡಿನಲ್ಲಿ. 1979ರ ‘ದ ವಾಲ್’ ಎರಡು ತಟ್ಟೆಗಳಷ್ಟು ದೊಡ್ಡದಾದರೂ ಗಿಲ್ಮೋರ್ ಪಾಲು ಮೂರು ಹಾಡುಗಳಲ್ಲಿ ಮಾತ್ರ. ಅದರ ತಯಾರಿಕೆಯ ಕಾಲದಲ್ಲಿಯೇ ರೈಟ್ ತಂಡದಿಂದ ಹೊರಬೀಳಬೇಕಾಯಿತು. ಬಳಿಕ ‘ದ ವಾಲ್’ ಪ್ರದರ್ಶನಗಳಿಗೆ ಅವರನ್ನೇ ಸಂಬಳಕ್ಕೆ ಕರೆಸಿಕೊಂಡರು. ಪ್ರದರ್ಶನಗಳು ನಷ್ಟ ಅನುಭವಿಸಿದುದರಿಂದ ಲಾಭ ಕಂಡವರು ಆ ಸಂಬಳದವರೊಬ್ಬರೇ. ವಿಧಿಯ ವಿನೋದವೆಂದರೆ ಇದು.

‘ದ ವಾಲ್’ನ ಒಂದು ಹಾಡು ಶಾಲೆಯನ್ನೂ ಮೇಷ್ಟ್ರುಗಳನ್ನೂ ಮುಖಕ್ಕೆ ಹೊಡೆದಂತೆ ಬಯ್ಯುತ್ತದೆ. ಜೀವಮಾನವನ್ನು ಪಾಠದ ಕೋಣೆಯಲ್ಲಿ ಸವೆಸಿದ ನನಗೆ ಅದರ ಮೇಲೆ ಸಿಟ್ಟಿಲ್ಲ. ಅದು ಬಯ್ಯುವುದು ಮಕ್ಕಳನ್ನು ಹೀಯಾಳಿಸಿ ಸಂತೋಷಪಡುವವರನ್ನು. ಅಂಥವರು ನಮ್ಮ ವೃತ್ತಿಯಲ್ಲಿ ಅಂದೂ ಇದ್ದರು, ಇಂದೂ ಇದ್ದಾರೆ. ವರ್ಣಭೇದದ ದಕ್ಷಿಣ ಆಫ್ರಿಕದಲ್ಲಿ ಕಪ್ಪು ಮಕ್ಕಳು ತಮಗೆ ಕೊಡುತ್ತಿದ್ದ ಕೀಳು ಶಿಕ್ಷಣವನ್ನು ಪ್ರತಿಭಟಿಸಿ ಇದೇ ಹಾಡನ್ನು ಹಾಡಿದರು. 1980ರಲ್ಲಿ ಅಲ್ಲಿಯ ಸರಕಾರ ಅದನ್ನು ನಿಷೇಧಿಸಿತು. ಆದರೆ ಆ ಹಾಡಿಗೆ ಪ್ರಾಣ ತುಂಬಿದವರು ಯಾರು? ಲಂಡನ್ನಿನ ಇಸ್ಲಿಂಗ್ಟನ್ ಗ್ರೀನ್ ಶಾಲೆಯ 23 ಮಕ್ಕಳು. ಅವರನ್ನು ಕರೆತಂದು ಹಾಡಿಸಿದವರು ಅಲನ್ ರೆನ್‌ಶಾ ಎಂಬ ಸಂಗೀತದ ಮೇಷ್ಟ್ರು! ಶಾಲೆಗೆ 1,000 ಪೌಂಡು ಸಂದಿತು. ಮಕ್ಕಳ ಹೆಸರು ಎಲ್ಲಿಯೂ ಅಚ್ಚಾಗಲಿಲ್ಲ. ಮೇಷ್ಟ್ರುಗಳನ್ನು ಬಯ್ಯುವ ಹಾಡೂ ಒಬ್ಬ ಮೇಷ್ಟ್ರ ನೆರವಿಲ್ಲದೆ ಆಗಲಿಲ್ಲ ಎಂಬುದನ್ನು ಆ ಹಾಡು ಕೇಳಿಸಿ ನನ್ನನ್ನು ಕೆಣಕುವ ಶಿಷ್ಯರು ನೆನಪಿಡಲಿ.

ಒಬ್ಬನ ದೃಷ್ಟಿಯಿಲ್ಲದೆ ದೊಡ್ಡ ಕೃತಿ ಸಾಧ್ಯವೇ, ‘ದ ವಾಲ್’ ದೊಡ್ಡದಲ್ಲವೇ ಎಂಬ ಆಕ್ಷೇಪವುಂಟು. ಅದು ದೊಡ್ಡದೆಂದು ಒಪ್ಪುತ್ತೇನೆ. ಆದರೆ ಅದರಲ್ಲಿ ಜನ ಮತ್ತೆ ಮತ್ತೆ ಕೇಳಬಯಸುವ ‘ಕಂಫರ್ಟಬ್ಲಿ ನಂಬ್’ ಗಿಲ್ಮೋರ್ ಸಂಗೀತಕ್ಕೆ ವಾಟರ್ಸ್ ಮಾತು ಕೂಡಿ ಆದದ್ದು. 1983ರ ‘ದ ಫೈನಲ್ ಕಟ್’ನಲ್ಲಿ ಎಲ್ಲ ಹಾಡುಗಳೂ ವಾಟರ್ಸ್ ಒಬ್ಬರವೇ, ರೈಟ್ ಇಲ್ಲವೇ ಇಲ್ಲ. ಯುದ್ಧದಲ್ಲಿ ಮಡಿದ ತಂದೆಯನ್ನು ಕುರಿತ ಅದರ ದುಃಖ ಸತ್ಯವಾದುದು. ಆದರೆ ಅದು ಸಂಗೀತವಾಗುವುದಕ್ಕಿಂತ ಭಾಷಣವಾದದ್ದೇ ಹೆಚ್ಚು. 1985ರಲ್ಲಿ ವಾಟರ್ಸ್ ತಂಡ ಬಿಟ್ಟರು, ಹೆಸರಿಗಾಗಿ ವ್ಯಾಜ್ಯವಾಯಿತು. ಅವರಿಲ್ಲದೆ 1987ರಲ್ಲಿ ಬಂದ ಆಲ್ಬಮ್ಮಿನಲ್ಲಿ ಗಿಟಾರಿನ ಮಾಧುರ್ಯವಿತ್ತು, ಮಾತಿನ ಕಸುವಿರಲಿಲ್ಲ. ಎರಡು ಪಂಗಡಗಳ ವಾದಕ್ಕೂ ಇದೇ ಉತ್ತರ.

2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ, ಇಪ್ಪತ್ತನಾಲ್ಕು ವರ್ಷಗಳ ಬಳಿಕ, ನಾಲ್ವರೂ ಒಂದೇ ವೇದಿಕೆಯಲ್ಲಿ ನಿಂತು ನುಡಿಸಿದರು. ಮರುವರ್ಷ ಬ್ಯಾರೆಟ್ ತೀರಿಕೊಂಡರು. 2008ರಲ್ಲಿ ರೈಟ್ ತೀರಿಕೊಂಡರು. ಆ ಧ್ವನಿಯನ್ನು ಇನ್ನು ಯಾರೂ ಮರಳಿ ಕಟ್ಟಲಾರರು.

ನನ್ನ ಶಿಷ್ಯರಲ್ಲಿ ಹಲವರು ಇಂದು ಹತ್ತಾರು ಜನರಿಂದ ಕೆಲಸ ಮಾಡಿಸುವ ಸ್ಥಾನದಲ್ಲಿದ್ದೀರಿ. ವರದಿಯ ಕೊನೆಗೆ ಸಹಿ ಹಾಕುವ ಮುನ್ನ, ಆ ಕೆಲಸದಲ್ಲಿ ಒಂದು ಸ್ವರದಷ್ಟಾದರೂ ಪಾಲಿರುವವರ ಹೆಸರು ಅಲ್ಲಿದೆಯೇ ಎಂದು ನೋಡಿ. ಬಂಧುಗಳಲ್ಲಿ ನನ್ನದೊಂದು ವಿನಂತಿ: ಬಿಡುವಿದ್ದ ಒಂದು ಸಂಜೆ ದೀಪ ಸಣ್ಣಗೆ ಮಾಡಿ ‘ಎಕೋಸ್’ ಕೇಳಿ. ಗದ್ದಲವೆನಿಸಿದರೆ ನನಗೆ ಬರೆಯಿರಿ, ಇನ್ನೊಮ್ಮೆ ವಾದ ಮಾಡೋಣ.